ಹಸಿರು ದೀಪದ ಹಿಂದಿನ ಕೋಡ್

ನಮ್ಮದು ಮಂಗಳೂರಿನ ಬಿಜೈಯಲ್ಲಿರುವ ಸಣ್ಣ ಕಂಪನಿ. ಸ್ಟೋರೇಜ್ ಬಾಕ್ಸ್ ಮಾಡುತ್ತೇವೆ. ಮದುವೆ ವಿಡಿಯೋ ಮಾಡುವ ಸ್ಟುಡಿಯೋಗಳು, ಇಡೀ ರಾತ್ರಿಯ ಯಕ್ಷಗಾನ ಆಟ ರೆಕಾರ್ಡ್ ಮಾಡುವವರು ನಮ್ಮ ಗಿರಾಕಿಗಳು. ಕ್ಯಾಮೆರಾದ ಕಾರ್ಡ್ ತಂದು ಬಾಕ್ಸಿಗೆ ಹಾಕುತ್ತಾರೆ. ಕಾಪಿ ಮುಗಿದ ಕೂಡಲೇ ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಅದನ್ನು ನೋಡಿ ಕಾರ್ಡ್ ಫಾರ್ಮ್ಯಾಟ್ ಮಾಡಿ ಮುಂದಿನ ಮದುವೆಗೆ ಹೊರಡುತ್ತಾರೆ. ಅಂದರೆ ಆ ಹೊತ್ತಿನಿಂದ ಆ ಮದುವೆಯ ವಿಡಿಯೋ ಇರುವುದು ನಮ್ಮ ಬಾಕ್ಸಿನಲ್ಲಿ ಮಾತ್ರ. ಬೇರೆಲ್ಲೂ ಇಲ್ಲ.

ಬಾಕ್ಸಿನ ಒಳಗೆ ಲಿನಕ್ಸ್ ಇದೆ. ಡಿಸ್ಕಿಗೂ ಕಾಪಿ ಮಾಡುವ ಪ್ರೋಗ್ರಾಮಿಗೂ ನಡುವೆ ನಮ್ಮದೇ ಒಂದು ಫೈಲ್ ಸಿಸ್ಟಮ್, ಅಂದರೆ ಫೈಲ್‌ಗಳನ್ನು ಡಿಸ್ಕಿನಲ್ಲಿ ಹೇಗೆ ಇಡಬೇಕು ಅಂತ ನೋಡಿಕೊಳ್ಳುವ ಕೋಡ್, ಇದೆ. ಅದನ್ನು ಫ್ಯೂಸ್ ಬಳಸಿ ಬರೆದಿದ್ದಾರೆ. ಫ್ಯೂಸ್ ಅಂದರೆ ಲಿನಕ್ಸಿನ ತಿರುಳಾದ ಕರ್ನಲ್‌ನ ಒಳಗೆ ಕೈ ಹಾಕದೆ, ಸಾಮಾನ್ಯ ಪ್ರೋಗ್ರಾಮಿನ ಹಾಗೆಯೇ ಫೈಲ್ ಸಿಸ್ಟಮ್ ಬರೆಯುವ ದಾರಿ. 2005ರಲ್ಲಿ ಬಂದ ಲಿನಕ್ಸ್ 2.6.14ರಿಂದ ಇದೆ. ನಮ್ಮ ಕೋಡ್ ಹುಟ್ಟಿದ್ದು ಅದಾಗಿ ನಾಲ್ಕೈದು ವರ್ಷಕ್ಕೆ. ನನ್ನ ಕೈಗೆ ಬರುವಾಗ ಅದು ಹನ್ನೊಂದು ಸಾವಿರ ಸಾಲು ದಾಟಿತ್ತು. ಅದರಲ್ಲಿ ಯಾವುದು ಬೇಕು, ಯಾವುದು ಬೇಡ ನೋಡಿ ತೆಗೆಯುವ ಕೆಲಸ ನನಗೆ ಬಂತು.

ಮೊದಲಿಗೆ ಅಷ್ಟೊಂದು ಕೋಡ್ ಯಾಕೆ ಬಂತು ಅಂತ ಹೇಳಬೇಕು. ಆಗಿನ ಬಾಕ್ಸಿನಲ್ಲಿ ಒಳಗೆ ಡಿಸ್ಕ್ ಇರಲಿಲ್ಲ. ಗಿರಾಕಿಗಳೇ ಯುಎಸ್‌ಬಿ ಡಿಸ್ಕ್ ತಂದು ಸಿಕ್ಕಿಸುತ್ತಿದ್ದರು. ಆಮೇಲೆ ಅದನ್ನೇ ಬಿಚ್ಚಿಕೊಂಡು ಹೋಗಿ ವಿಂಡೋಸ್ ಎಕ್ಸ್‌ಪಿ ಇರುವ ಎಡಿಟಿಂಗ್ ಕಂಪ್ಯೂಟರಿಗೆ ಹಾಕುತ್ತಿದ್ದರು. ಹಾಗಾಗಿ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಓದುವ ಫ್ಯಾಟ್32 ಎಂಬ ಫೈಲ್ ಸಿಸ್ಟಮ್ ಇಟ್ಟಿದ್ದರು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಆ ಕಾಲದ ಡಿವಿ ವಿಡಿಯೋ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತಿತ್ತು. ಹಾಗಾಗಿ ಫೈಲನ್ನು ತುಂಡು ಮಾಡಿ ಇಟ್ಟು, ಹೊರಗೆ ಒಂದೇ ಫೈಲ್ ಹಾಗೆ ತೋರಿಸುವ ಕೋಡ್ ಬಂತು. ಫ್ಯಾಟ್‌ಗೆ ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ, ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಫೈಲ್‌ಗಳ ಪಟ್ಟಿ ಅರ್ಧಂಬರ್ಧ ಆಗುತ್ತದೆ. ಅದಕ್ಕೆ ನಮ್ಮದೇ ಜರ್ನಲ್ ಬಂತು. ಫ್ಯಾಟ್‌ನಲ್ಲಿ ಫೈಲಿನ ಕೊನೆಯ ಬದಲಾವಣೆಯ ಸಮಯ 2 ಸೆಕೆಂಡಿನ ಲೆಕ್ಕದಲ್ಲಿ ಮಾತ್ರ ದಾಖಲಾಗುತ್ತದೆ. ಯಾರ ಫೈಲ್ ಅನ್ನುವ ಮಾಹಿತಿಯಂತೂ ಇಲ್ಲವೇ ಇಲ್ಲ. ಅವೆರಡನ್ನೂ ಬರೆದಿಡಲು ಪ್ರತಿ ಫೋಲ್ಡರಿನಲ್ಲೂ ಒಂದು ಅಡಗಿದ ಪಕ್ಕದ ಫೈಲ್ ಬಂತು. ಆಗಿನ ಹಳೇ ಕರ್ನಲ್‌ನಲ್ಲಿ ಫ್ಯೂಸ್ ಡೇಟಾವನ್ನು 4 ಕೆಬಿ 4 ಕೆಬಿ ಆಗಿ ಕೊಡುತ್ತಿತ್ತು. ಅದನ್ನು ಗುಡ್ಡೆ ಹಾಕಿ ಒಟ್ಟಿಗೆ ಬರೆಯಲು ನಮ್ಮದೇ ಕ್ಯಾಶ್, ಅಂದರೆ ಡೇಟಾವನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗ, ಬಂತು.

ಒಂದೊಂದಕ್ಕೂ ಕಾರಣ ಇತ್ತು. ಬರೆದವರ ಮೇಲೆ ನನಗೆ ನಿಜವಾಗಿಯೂ ಗೌರವ ಇದೆ.

ಆದರೆ ಆಮೇಲೆ ಬಾಕ್ಸಿನ ಒಳಗೇ ಸಾಟಾ ಡಿಸ್ಕ್ ಬಂತು. ಅದರಲ್ಲಿ ಎಕ್ಸ್ಟ್4 ಎಂಬ ಲಿನಕ್ಸಿನ ಫೈಲ್ ಸಿಸ್ಟಮ್ ಹಾಕಿದರು. ಎಕ್ಸ್ಟ್4ಗೆ ತನ್ನದೇ ಜರ್ನಲ್ ಇದೆ, ಎಷ್ಟು ದೊಡ್ಡ ವಿಡಿಯೋ ಆದರೂ ಒಂದೇ ಫೈಲಾಗಿ ಕೂರುತ್ತದೆ, ಸಮಯ ನ್ಯಾನೋಸೆಕೆಂಡಿನವರೆಗೆ ಸಿಗುತ್ತದೆ. ಫ್ಯೂಸ್ ಕೂಡ ಬೆಳೆದಿತ್ತು. 2014ರ ಲಿನಕ್ಸ್ 3.15ರಲ್ಲಿ ಬರಹವನ್ನು ಕರ್ನಲ್ಲೇ ಗುಡ್ಡೆ ಹಾಕಿ ಕೊಡುವ ವ್ಯವಸ್ಥೆ ಬಂತು. ಇಷ್ಟಾದರೂ ನಮ್ಮ ಕೋಡ್ ಮಾತ್ರ ಕೆಳಗೆ ಫ್ಯಾಟ್ ಇದೆ ಎಂದೇ ನಂಬಿಕೊಂಡು ಕೆಲಸ ಮಾಡುತ್ತಿತ್ತು. ಜರ್ನಲ್ ಮೇಲೆ ಜರ್ನಲ್, ಕ್ಯಾಶ್ ಮೇಲೆ ಕ್ಯಾಶ್. ಒಂದೇ ಡೇಟಾ ಎರಡೆರಡು ಸಲ ಡಿಸ್ಕಿಗೆ ಹೋಗುತ್ತಿತ್ತು. 4ಕೆ ವಿಡಿಯೋ ಬಂದ ಮೇಲೆ ಸ್ಟುಡಿಯೋದವರ ದೂರು ಜಾಸ್ತಿ ಆಯಿತು. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಒಳಗಿನದ್ದು. ಯಾವ ಸಣ್ಣ ದೋಷ ಸರಿ ಮಾಡಲು ಹೋದರೂ ಈ ನಾಲ್ಕು ಪದರಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ಹೊಸದಾಗಿ ಸೇರಿದ ಹುಡುಗರು ಆ ಫೋಲ್ಡರ್ ತೆರೆಯಲಿಕ್ಕೇ ಹೆದರುತ್ತಿದ್ದರು.

ಕೈ ಹಾಕುವ ಮೊದಲು ದೊಡ್ಡವರು ಈ ಕೆಲಸ ಹೇಗೆ ಮಾಡುತ್ತಾರೆ ಅಂತ ನೋಡಿದೆ. ಲಿನಕ್ಸ್ ಕರ್ನಲ್‌ನಿಂದ ಎರಡು ಹಳೇ ಫೈಲ್ ಸಿಸ್ಟಮ್‌ಗಳನ್ನು ತೆಗೆದ ರೀತಿ ನನಗೆ ಬಹಳ ಉಪಯೋಗಕ್ಕೆ ಬಂತು. ಒಂದು, ಎಕ್ಸ್ಟ್3. 2015ರಲ್ಲಿ 4.3ರಿಂದ ಅದರ ಕೋಡ್ ಹೋಯಿತು. ಸುಮಾರು 28 ಸಾವಿರ ಸಾಲು. ಬಳಸುವವರಿಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ಎಕ್ಸ್ಟ್3 ಡಿಸ್ಕನ್ನು ಎಕ್ಸ್ಟ್4ರ ಕೋಡೇ ಓದುತ್ತದೆ, ಬರೆಯುತ್ತದೆ. ಇನ್ನೊಂದು, ರೈಸರ್‌ಎಫ್‌ಎಸ್. 2001ರಿಂದ ಕರ್ನಲ್‌ನಲ್ಲಿ ಇದ್ದದ್ದು. ಒಂದು ಕಾಲದಲ್ಲಿ ಸುಸೆ ಲಿನಕ್ಸ್ ಇದನ್ನೇ ತಾನಾಗಿ ಹಾಕಿಕೊಡುತ್ತಿತ್ತು. ಇದನ್ನು ಓದಬಲ್ಲ ಬೇರೆ ಕೋಡ್ ಕರ್ನಲ್‌ನಲ್ಲಿ ಇರಲಿಲ್ಲ. ಹಾಗಾಗಿ 2022ರಲ್ಲಿ, 5.18ರಲ್ಲೇ, ಇದು ಹೋಗುತ್ತದೆ ಎಂದು ಎಚ್ಚರಿಕೆ ಕೊಟ್ಟರು. ನಿಜವಾಗಿ ತೆಗೆದದ್ದು 2025ರ ಜನವರಿಯಲ್ಲಿ ಬಂದ 6.13ರಲ್ಲಿ. ಎರಡನ್ನೂ ತೆಗೆದದ್ದು ಸುಸೆಯಲ್ಲಿ ಕೆಲಸ ಮಾಡುವ ಯಾನ್ ಕಾರಾ ಎಂಬವರು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ನವರು ಇನ್ನೂ ನಿಧಾನ. ತಮ್ಮ ಹಳೇ ವಿ4 ರೂಪವನ್ನು ಬಿಡುತ್ತೇವೆ ಎಂದು 2020ರಲ್ಲಿ ಹೇಳಿ, ಪೂರ್ತಿ ತೆಗೆಯಲು 2030ರ ಸೆಪ್ಟೆಂಬರ್ ಎಂದು ಬರೆದಿಟ್ಟಿದ್ದಾರೆ.

ಇದನ್ನು ಓದಿದ ಮೇಲೆ ನಮ್ಮ ಕೋಡನ್ನು ಎರಡು ಪಾಲು ಮಾಡಿದೆ. ಕ್ಯಾಶ್ ಮತ್ತು ಜರ್ನಲ್ ಎಕ್ಸ್ಟ್3ರ ಹಾಗೆ. ಕೆಳಗಿರುವುದು ಆ ಕೆಲಸ ಮಾಡುತ್ತಿದೆ, ತೆಗೆದರೆ ಗಿರಾಕಿಗೆ ಗೊತ್ತಾಗಬಾರದು. ತುಂಡು ಮಾಡಿದ ಫೈಲ್‌ಗಳು ಮತ್ತು ಪಕ್ಕದ ಫೈಲ್ ರೈಸರ್‌ಎಫ್‌ಎಸ್ ಹಾಗೆ. ಅವು ಜನರ ಡಿಸ್ಕಿನಲ್ಲಿ ಕೂತಿವೆ. ಕೋಡ್ ಹೋದರೆ ಡೇಟಾ ಓದಲಿಕ್ಕೇ ಆಗುವುದಿಲ್ಲ.

ನಂತರ ಎಣಿಕೆ. ಬೇಡ ಅನ್ನಿಸಿದ ಪ್ರತಿ ದಾರಿಯಲ್ಲೂ ಒಂದು ಕೌಂಟರ್ ಇಟ್ಟೆ. ಈ ಕೋಡ್ ಎಷ್ಟು ಸಲ ಓಡಿತು ಅಷ್ಟೇ, ಫೈಲಿನ ಹೆಸರು ಇಲ್ಲ, ಬೇರೇನೂ ಇಲ್ಲ. ಗಿರಾಕಿಗಳ ಒಪ್ಪಿಗೆ ಕೇಳಿಯೇ ಅಪ್‌ಡೇಟ್ ಕಳಿಸಿದೆವು. ಒಂದು ಮದುವೆ ಸೀಸನ್ ಪೂರ್ತಿ ಅದನ್ನು ಓಡಲು ಬಿಟ್ಟೆವು. ಇದಕ್ಕೆ ಆಫೀಸಿನಲ್ಲಿ ಸ್ವಲ್ಪ ವಿರೋಧ ಇತ್ತು. ಓದಿದರೆ ಗೊತ್ತಾಗುವುದಿಲ್ಲವಾ, ಅಷ್ಟು ದಿನ ಯಾಕೆ ಕಾಯಬೇಕು ಅಂತ. ನಾನು ಪಟ್ಟು ಬಿಡಲಿಲ್ಲ. ಕೋಡ್ ಓದಿದರೆ ಏನು ಆಗಬಹುದು ಅಂತ ಗೊತ್ತಾಗುತ್ತದೆ. ಏನು ಆಗುತ್ತಿದೆ ಅಂತ ತಿಳಿಯಬೇಕಾದರೆ ಎಣಿಸಲೇಬೇಕು.

ಎಣಿಕೆ ಬಂದಾಗ ಹೆಚ್ಚಿನದ್ದು ನಾನು ಅಂದುಕೊಂಡ ಹಾಗೇ ಇತ್ತು. ನಮ್ಮ ಜರ್ನಲ್ ಸಾವಿರಾರು ಸಲ ಬರೆದಿತ್ತು. ಆದರೆ ಕರೆಂಟ್ ಹೋಗಿ ಬಂದ ಮೇಲೆ ಅದನ್ನು ಓದಿ ಫೈಲ್ ಸರಿ ಮಾಡುವ ಭಾಗ ಎಕ್ಸ್ಟ್4 ಇರುವ ಯಾವ ಬಾಕ್ಸಿನಲ್ಲೂ ಒಮ್ಮೆಯೂ ಓಡಿರಲಿಲ್ಲ. ಅಷ್ಟರೊಳಗೆ ಎಕ್ಸ್ಟ್4ನ ಜರ್ನಲ್ ಎಲ್ಲವನ್ನೂ ಸರಿ ಮಾಡಿ ಆಗಿರುತ್ತಿತ್ತು. ಇನ್ನೊಂದು ವಿಷಯವೂ ಹೊರಬಂತು. ಉಡುಪಿ, ಕುಂದಾಪುರ ಕಡೆಯ ಕೆಲವು ಬಾಕ್ಸ್‌ಗಳಲ್ಲಿ ಈಗಲೂ ಫ್ಯಾಟ್ ಡಿಸ್ಕ್ ಸಿಕ್ಕಿಸುತ್ತಿದ್ದಾರೆ. ಹೊಸದಾಗಿ ಬರೆಯಲಿಕ್ಕಲ್ಲ, ಹಳೇ ಮದುವೆಗಳ ವಿಡಿಯೋ ಕೇಳಿಕೊಂಡು ಬರುವವರಿಗೆ ಕಾಪಿ ಮಾಡಿಕೊಡಲಿಕ್ಕೆ.

ಇದೆಲ್ಲದರ ನಡುವೆ ಒಂದು ಸಾಲು ನನಗೆ ಏನು ಮಾಡಿದರೂ ಅರ್ಥ ಆಗಲಿಲ್ಲ. ಜರ್ನಲ್‌ನ ಒಳಗೆ, ಎಫ್‌ಸಿಂಕ್ ಆದ ಕೂಡಲೇ, ಎರಡು ಸೆಕೆಂಡ್ ಸುಮ್ನೆ ಕಾಯುವ ಸಾಲು. ಎಫ್‌ಸಿಂಕ್ ಅಂದರೆ ಡೇಟಾ ನಿಜವಾಗಿ ಡಿಸ್ಕಿಗೆ ಹೋಗುವವರೆಗೆ ವಾಪಸ್ ಬರಬೇಡ ಅಂತ ಕರ್ನಲ್‌ಗೆ ಹೇಳುವ ಕರೆ. ಅದು ವಾಪಸ್ ಬಂದ ಮೇಲೆ ಮತ್ತೆ ಕಾಯುವುದು ಯಾಕೆ? ಮೇಲೆ ಒಂದು ಕಾಮೆಂಟ್ ಮಾತ್ರ: ‘ತೆಗೆಯಬೇಡಿ.’ ಕಮಿಟ್ ಚರಿತ್ರೆಯಲ್ಲೂ, ಅಂದರೆ ಕೋಡಿನ ಪ್ರತಿ ಬದಲಾವಣೆಯ ದಾಖಲೆಯಲ್ಲೂ, ಬೇರೆ ವಿವರ ಇಲ್ಲ.

ಅದನ್ನು ಬರೆದವರು ಈಗ ಉಡುಪಿಯಲ್ಲಿ ಇದ್ದಾರೆ, ಕುಂಜಿಬೆಟ್ಟಿನಲ್ಲಿ ಮನೆ. ಕಂಪನಿ ಬಿಟ್ಟು ತುಂಬ ವರ್ಷ ಆಯಿತು. ಫೋನ್ ಮಾಡಿದರೆ, ‘ಮನೆಗೇ ಬಾ, ಫೋನಲ್ಲಿ ಹೇಳಿ ಮುಗಿಯುವುದಲ್ಲ’ ಅಂದರು. ಎಕ್ಸ್‌ಪ್ರೆಸ್ ಬಸ್ ಹತ್ತಿ ಹೋದೆ. ಪ್ರಿಂಟ್ ತೆಗೆದ ಹಾಳೆಗಳನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಸೀದಾ ಆ ಸಾಲಿನ ಮೇಲೆಯೇ ಬೆರಳು ಇಟ್ಟರು.

‘ಇದಕ್ಕೇ ಬಂದದ್ದಲ್ವಾ ನೀನು?’

‘ಹೌದು ಸರ್. ಇದು ಎಂತಕ್ಕೆ ಅಂತ ಗೊತ್ತಾಗಲಿಲ್ಲ.’

‘ಆ ಕಾಲದ ಯುಎಸ್‌ಬಿ ಡಬ್ಬಿಗಳು ಸುಳ್ಳು ಹೇಳುತ್ತಿದ್ದವು ಮಾರಾಯ. ಬರೆದು ಆಯ್ತಾ ಅಂತ ಕೇಳಿದರೆ ಆಯ್ತು ಅನ್ನುವುದು. ನೋಡಿದರೆ ಡೇಟಾ ಇನ್ನೂ ಡಬ್ಬಿಯ ಒಳಗಿನ ಮೆಮೊರಿಯಲ್ಲೇ. ಏಪ್ರಿಲ್, ಮೇ ಅಂದರೆ ಇಲ್ಲಿ ಮದುವೆಯೂ ಜಾಸ್ತಿ, ಸಿಡಿಲೂ ಜಾಸ್ತಿ. ದೀಪ ಹೊತ್ತಿತು, ಕಾರ್ಡ್ ಫಾರ್ಮ್ಯಾಟ್ ಮಾಡಿದರು, ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಧಾರೆಯ ಹೊತ್ತಿನ ವಿಡಿಯೋ ಇಲ್ಲ. ಆ ಹುಡುಗಿಯ ಅಪ್ಪ ಆಫೀಸಿಗೆ ಬಂದು ಒಂದು ಮಾತೂ ಬೈಯದೆ ಸುಮ್ಮನೆ ಕೂತಿದ್ದರು. ಅವತ್ತು ರಾತ್ರಿ ಈ ಸಾಲು ಬರೆದೆ.’

ನಾನು ಕೇಳಿದೆ, ‘ಈಗ ಡಿಸ್ಕ್ ಒಳಗೇ ಇದೆ ಸರ್. ತೆಗೆಯಬಹುದಾ?’

‘ನನ್ನನ್ನು ಕೇಳಬೇಡ. ಡಿಸ್ಕನ್ನು ಕೇಳು. ಕರೆಂಟ್ ತೆಗೆದು ನೋಡು.’

ಹಾಗೇ ಮಾಡಿದೆವು. ಒಂದು ರಿಲೇ ಬೋರ್ಡ್ ತಂದು ಬಾಕ್ಸಿನ ಪವರ್ ಲೈನಿಗೆ ಕೂರಿಸಿದೆವು. ಇನ್ನೊಂದು ಕಂಪ್ಯೂಟರ್ ಬಾಕ್ಸಿಗೆ ಫೈಲ್ ಕಳಿಸುತ್ತಾ ಇರುತ್ತದೆ. ಯಾವ ಫೈಲಿಗೆ ಹಸಿರು ದೀಪ ಬಂತು ಅಂತ ತನ್ನ ಬಳಿ ಬರೆದುಕೊಳ್ಳುತ್ತದೆ. ಯಾವುದೋ ಒಂದು ಕ್ಷಣದಲ್ಲಿ ರಿಲೇ ಕರೆಂಟ್ ಕಡಿಯುತ್ತದೆ. ಬಾಕ್ಸ್ ಮತ್ತೆ ಎದ್ದ ಮೇಲೆ ದೀಪ ಬಂದ ಎಲ್ಲ ಫೈಲ್‌ಗಳ ಎಸ್‌ಎಚ್‌ಎ-256 (ಡೇಟಾದ ಬೆರಳಚ್ಚಿನ ಹಾಗಿರುವ ಸಂಖ್ಯೆ) ಲೆಕ್ಕ ಹಾಕಿ ಮೂಲದ ಜೊತೆ ತಾಳೆ ನೋಡುತ್ತದೆ. ಒಂದು ಬೈಟ್ ತಪ್ಪಿದರೂ ಸೋತ ಹಾಗೆ. ರಾತ್ರಿಯಿಡೀ ಇದು ನಡೆಯುತ್ತಿತ್ತು. ನಾವು ಇಷ್ಟು ವರ್ಷ ಬಳಸಿದ ಎಲ್ಲ ಮಾದರಿಯ ಸಾಟಾ ಡಿಸ್ಕ್‌ಗಳನ್ನೂ ಹೀಗೆ ಪರೀಕ್ಷೆ ಮಾಡಿದೆವು. ಕಾಯುವ ಸಾಲು ಇಲ್ಲದೆಯೂ ಎಲ್ಲವೂ ಪಾಸ್ ಆದವು. ಆಮೇಲೆಯೇ ಆ ಸಾಲು ತೆಗೆದದ್ದು. ಕಮಿಟ್‌ನಲ್ಲಿ ಅವರು ಹೇಳಿದ್ದೆಲ್ಲವನ್ನೂ ಬರೆದೆ. ನಾಳೆ ಯಾರಾದರೂ ಕೆಟ್ಟ ಯುಎಸ್‌ಬಿ ಡಬ್ಬಿಯನ್ನು ಮತ್ತೆ ಬಾಕ್ಸಿಗೆ ತಂದರೆ ಅವರಿಗೆ ಇದು ಬೇಕಾಗುತ್ತದೆ.

ಕ್ಯಾಶ್ ತೆಗೆಯುವುದು ಸುಲಭ ಆಯಿತು. ಕರ್ನಲ್‌ನ ವ್ಯವಸ್ಥೆ ಚಾಲೂ ಮಾಡಿ, ನಮ್ಮ ಕ್ಯಾಶನ್ನು ಸ್ವಿಚ್ ಇಟ್ಟು ಬಂದ್ ಮಾಡಿ, ಕೆಲವು ವಾರ ಆಫೀಸಿನ ಬಾಕ್ಸ್‌ಗಳಲ್ಲಿ ಓಡಿಸಿ, ಕೊನೆಗೆ ಅಳಿಸಿದೆವು. ಎಫ್‌ಎಸ್‌ಎಕ್ಸ್ ಎಂಬ ಒಂದು ಪ್ರೋಗ್ರಾಮ್ ಇದೆ. ಒಂದು ಫೈಲಿನ ಮೇಲೆ ಮನಸ್ಸಿಗೆ ಬಂದ ಹಾಗೆ ಬರೆಯುವುದು, ಓದುವುದು, ಕತ್ತರಿಸುವುದು ಮಾಡುತ್ತಾ, ಒಳಗೆ ಏನಿರಬೇಕು ಅಂತ ತನ್ನ ನೆನಪಿನಲ್ಲೂ ಇಟ್ಟುಕೊಂಡು ತಾಳೆ ನೋಡುತ್ತದೆ. ಫೈಲ್ ಸಿಸ್ಟಮ್ ಮುಟ್ಟುವವರೆಲ್ಲ ಇದನ್ನು ಓಡಿಸಬೇಕು. ಜೊತೆಗೆ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಕೂಡ. ಹೆಸರಿನಲ್ಲಿ ಎಕ್ಸ್‌ಎಫ್‌ಎಸ್ ಇದ್ದರೂ ಈಗ ಎಕ್ಸ್ಟ್4, ಬಿಟಿಆರ್‌ಎಫ್‌ಎಸ್ ಎಲ್ಲಕ್ಕೂ ಅದನ್ನೇ ಬಳಸುತ್ತಾರೆ, ಫ್ಯೂಸ್ ಮೇಲೂ ಓಡುತ್ತದೆ.

ಜರ್ನಲ್ ಹಾಗಲ್ಲ. ಮೂರು ಸಾವಿರಕ್ಕೂ ಹೆಚ್ಚು ಸಾಲು. ಒಮ್ಮೆಗೇ ಅಳಿಸಿ ಒಂದು ದೊಡ್ಡ ಪ್ಯಾಚ್ ಕಳಿಸಬಹುದಿತ್ತು. ಹಾಗೆ ಮಾಡಿದರೆ ರಿವ್ಯೂ ಮಾಡುವವರು ನೋಡಿದ ಹಾಗೆ ಮಾಡಿ ಸಹಿ ಹಾಕುತ್ತಾರೆ, ಅದು ನನಗೆ ಇಷ್ಟ ಇರಲಿಲ್ಲ. ಒಂದೊಂದು ಫಂಕ್ಷನ್ ತೆಗೆದು ಒಂದೊಂದು ಕಮಿಟ್ ಮಾಡಿದೆ. ಪ್ರತಿ ಕಮಿಟ್ ಆದ ಮೇಲೂ ಬಾಕ್ಸ್ ಪೂರ್ತಿ ಕೆಲಸ ಮಾಡಬೇಕು. ಮುಂದೆ ಎಲ್ಲಾದರೂ ಕೆಟ್ಟರೆ, ಯಾವ ಕಮಿಟ್‌ನಿಂದ ಕೆಟ್ಟಿತು ಅಂತ ಹುಡುಕುವ ಗಿಟ್ ಬೈಸೆಕ್ಟ್ ಓಡಿಸಿದಾಗ ಅದು ಕೆಡಿಸಿದ ಕಮಿಟ್‌ನಲ್ಲೇ ನಿಲ್ಲುತ್ತದೆ.

ಹೀಗೆ ನಿಧಾನಕ್ಕೆ ಓದುತ್ತಾ ಹೋದದ್ದಕ್ಕೇ ಒಂದು ಸಾಲು ಸಿಕ್ಕಿತು. ಹಳೇ ಕೋಡ್ ಹೊಸ ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಯುತ್ತಿತ್ತು. ಅದಕ್ಕೆ ಎಫ್‌ಸಿಂಕ್ ಮಾಡುತ್ತಿತ್ತು. ಆಮೇಲೆ ಹೆಸರು ಬದಲಿಸುತ್ತಿತ್ತು. ಕೊನೆಗೆ ಜರ್ನಲ್‌ನ ದಾಖಲೆ ಅಳಿಸುವ ಫಂಕ್ಷನ್‌ನ ಒಳಗೆ, ಆ ಫಂಕ್ಷನ್‌ನ ಹೆಸರಿಗೆ ಏನೂ ಸಂಬಂಧ ಇಲ್ಲದ ಜಾಗದಲ್ಲಿ, ಫೋಲ್ಡರನ್ನು ತೆರೆದು ಫೋಲ್ಡರಿಗೂ ಒಂದು ಎಫ್‌ಸಿಂಕ್. ನೋಡಿದರೆ ಜರ್ನಲ್‌ನದ್ದೇ ಕೆಲಸ ಅನ್ನಿಸುತ್ತದೆ. ಆದರೆ ಅದು ಎಕ್ಸ್ಟ್4 ಮೇಲೂ ಬೇಕು. ಫೈಲಿನ ಒಳಗಿನ ಡೇಟಾ ಡಿಸ್ಕಿಗೆ ಹೋದರೂ, ಬದಲಾದ ಹೆಸರು ಇರುವುದು ಫೋಲ್ಡರಿನಲ್ಲಿ. ಎಕ್ಸ್ಟ್4 ತನ್ನ ಜರ್ನಲನ್ನು ತಾನಾಗಿ ಡಿಸ್ಕಿಗೆ ಹಾಕುವುದು ಸಾಮಾನ್ಯವಾಗಿ 5 ಸೆಕೆಂಡಿಗೆ ಒಮ್ಮೆ. ಆ ನಡುವೆ ಕರೆಂಟ್ ಹೋದರೆ ಫೈಲ್ ತಾತ್ಕಾಲಿಕ ಹೆಸರಿನಲ್ಲೇ ಉಳಿಯುತ್ತದೆ. ನಮ್ಮ ಬಾಕ್ಸ್ ಎದ್ದಾಗ ತಾತ್ಕಾಲಿಕ ಹೆಸರಿನ ಫೈಲ್‌ಗಳನ್ನು ಅರ್ಧಕ್ಕೆ ನಿಂತ ಕಾಪಿ ಎಂದು ಅಳಿಸಿಬಿಡುತ್ತದೆ. ದೀಪ ಹಸಿರಾಗಿದ್ದರೂ ವಿಡಿಯೋ ಹೋಯಿತು.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಡಿಎಂ-ಲಾಗ್-ರೈಟ್ಸ್ ಎಂಬ ಸಾಧನ 2015ರಿಂದ ಕರ್ನಲ್‌ನಲ್ಲೇ ಇದೆ. ಡಿಸ್ಕಿಗೆ ಹೋಗುವ ಪ್ರತಿ ಬರಹವನ್ನೂ ಅದು ಸಾಲಾಗಿ ದಾಖಲಿಸುತ್ತದೆ. ಆಮೇಲೆ ಆ ದಾಖಲೆಯನ್ನು ಬೇಕಾದ ಜಾಗದವರೆಗೆ ಮಾತ್ರ ಓಡಿಸಿ, ಅಲ್ಲಿ ಕರೆಂಟ್ ಹೋಗಿದ್ದರೆ ಡಿಸ್ಕ್ ಹೇಗಿರುತ್ತಿತ್ತು ಅಂತ ನೋಡಬಹುದು. ಫೋಲ್ಡರಿನ ಎಫ್‌ಸಿಂಕ್ ಇಲ್ಲದ ಒಂದು ಪ್ರತಿಯನ್ನು ಬೇಕೆಂದೇ ಮಾಡಿ ಹೀಗೆ ಓಡಿಸಿದೆ. ದೀಪ ಬಂದ ಆಮೇಲಿನ ಜಾಗಗಳಲ್ಲಿ ನಿಲ್ಲಿಸಿ ನೋಡಿದರೆ ಹೊಸ ಹೆಸರು ಇಲ್ಲ, ತಾತ್ಕಾಲಿಕ ಹೆಸರೇ ಇದೆ. ಇಡೀ ತಂಡವನ್ನು ಕರೆದು ತೋರಿಸಿದೆ. ಆ ಸಾಲನ್ನು ಜರ್ನಲ್‌ನಿಂದ ಹೊರಗೆ ತಂದು, ಅದಕ್ಕೆ ತಕ್ಕ ಹೆಸರಿನ ಸಣ್ಣ ಫಂಕ್ಷನ್ ಮಾಡಿ, ಯಾಕೆ ಬೇಕು ಎಂದು ಐದಾರು ಸಾಲಿನ ಕಾಮೆಂಟ್ ಬರೆದೆವು. ಜೊತೆಗೆ ಒಂದು ಟೆಸ್ಟ್ ಕೂಡ. ಯಾರಾದರೂ ತೆಗೆದರೆ ಆ ಟೆಸ್ಟ್ ಫೇಲ್ ಆಗುತ್ತದೆ. ಬರೀ ‘ತೆಗೆಯಬೇಡಿ’ ಅಂತ ಬರೆದಿಡುವುದಕ್ಕಿಂತ ಇದು ಎಷ್ಟೋ ಮೇಲು.

ತುಂಡು ಫೈಲ್‌ಗಳದ್ದು ಬೇರೆ ರೀತಿಯ ಕಷ್ಟ. ಹೊಸದಾಗಿ ತುಂಡು ಮಾಡುವುದನ್ನು ನಿಲ್ಲಿಸಿದೆವು, ಅದು ಒಂದು ಸಾಲಿನ ಬದಲಾವಣೆ. ಆದರೆ ಈಗಾಗಲೇ ತುಂಡಾಗಿ ಕೂತಿರುವುದನ್ನು ಒಟ್ಟು ಮಾಡಬೇಕು. ಸ್ಟುಡಿಯೋಗಳ ಡಿಸ್ಕ್ ಯಾವಾಗಲೂ ತುಂಬಿ ತುಳುಕುತ್ತಿರುತ್ತದೆ. ಇನ್ನೊಂದು ಪೂರ್ತಿ ಪ್ರತಿ ಮಾಡುವಷ್ಟು ಜಾಗ ಎಲ್ಲಿ? ಹಾಗಾಗಿ ಮೊದಲ ತುಂಡಿನ ಬಾಲಕ್ಕೆ ಎರಡನೆಯದನ್ನು ಸೇರಿಸಿ, ಎಫ್‌ಸಿಂಕ್ ಮಾಡಿ, ಎರಡನೆಯದನ್ನು ಅಳಿಸಿ, ಆಮೇಲೆ ಮೂರನೆಯದು. ಒಂದು ತುಂಡಿನಷ್ಟು, ಅಂದರೆ 4 ಜಿಬಿ ಖಾಲಿ ಇದ್ದರೆ ಸಾಕು. ನಡುವೆ ಕರೆಂಟ್ ಹೋದರೆ? ಕೊನೆಯದು ಬಿಟ್ಟು ಎಲ್ಲ ತುಂಡಿನ ಅಳತೆ ಒಂದೇ. ಹಾಗಾಗಿ ಮೊದಲ ತುಂಡಿನ ಈಗಿನ ಉದ್ದ ನೋಡಿದರೆ ಎಷ್ಟು ಸೇರಿದೆ ಅಂತ ಲೆಕ್ಕ ಸಿಗುತ್ತದೆ. ಅರ್ಧ ಸೇರಿದ್ದಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ಸೇರಿಸುವುದು. ಬೇರೆ ದಾಖಲೆ ಏನೂ ಬೇಡ. ಇದನ್ನೂ ರಿಲೇ ಬೋರ್ಡಿನ ಮೇಲೆ ಹಾಕಿ ಚೆನ್ನಾಗಿ ಗೋಳಾಡಿಸಿದೆವು.

ಎಣಿಕೆಯಲ್ಲಿ ಸಿಗದ ಒಂದು ವಿಷಯ ಸಿಕ್ಕಿದ್ದು ಉಡುಪಿಯ ರಥಬೀದಿಯ ಹತ್ತಿರದ ಒಂದು ಸ್ಟುಡಿಯೋದಲ್ಲಿ. ಸುಮ್ನೆ ಮಾತಾಡುತ್ತಾ ಕೂತಿದ್ದಾಗ ಅಲ್ಲಿನ ಹುಡುಗ ತನ್ನ ಬ್ಯಾಕಪ್ ಸ್ಕ್ರಿಪ್ಟ್ ತೋರಿಸಿದ. ಅದು ನಮ್ಮ ಫೈಲ್ ಸಿಸ್ಟಮ್ ಮೂಲಕ ಬರದೆ, ಕೆಳಗಿನ ಡಿಸ್ಕಿನಿಂದಲೇ ನೇರ ತುಂಡುಗಳನ್ನು ಎತ್ತಿಕೊಂಡು ಹೋಗುತ್ತಿತ್ತು. ತುಂಡಿನ ಹೆಸರಿನ ಕೊನೆಯ ಸಂಖ್ಯೆ ನೋಡಿ, ಹೊಸದು ಮಾತ್ರ ಕಾಪಿ. ಒಳ್ಳೆಯ ಯೋಚನೆ. ನಾವು ತುಂಡು ಸೇರಿಸಿದ್ದರೆ ಮರುದಿನದಿಂದ ಅವನ ಬ್ಯಾಕಪ್ ಯಾವ ದೂರೂ ಹೇಳದೆ ಖಾಲಿ ಓಡುತ್ತಿತ್ತು. ಅವನ ಜೊತೆ ಕೂತು ಸ್ಕ್ರಿಪ್ಟನ್ನು, ಬದಲಾದದ್ದನ್ನು ಮಾತ್ರ ಕಾಪಿ ಮಾಡುವ ಆರ್‌ಸಿಂಕ್ ಪ್ರೋಗ್ರಾಮಿಗೆ ಬದಲಿಸಿದೆ. ವಾಪಸ್ ಬಂದ ಮೇಲೆ ಎಲ್ಲ ಗಿರಾಕಿಗಳಿಗೂ ಫೋನ್ ಮಾಡಿ, ಡಿಸ್ಕನ್ನು ನೇರ ಮುಟ್ಟುವ ಸ್ಕ್ರಿಪ್ಟ್ ಏನಾದರೂ ಇದೆಯಾ ಅಂತ ಕೇಳಿದೆವು. ಇನ್ನೂ ಕೆಲವು ಸಿಕ್ಕವು. ಕೌಂಟರ್ ನಮ್ಮ ಕೋಡ್ ಓಡಿದ್ದನ್ನು ಮಾತ್ರ ಎಣಿಸುತ್ತದೆ ಅಲ್ವಾ, ಅದನ್ನು ಬದಿಗಿಟ್ಟು ಹೋಗುವವರನ್ನು ಹೋಗಿ ಮಾತಾಡಿಸಿಯೇ ತಿಳಿಯಬೇಕು.

ಹೊಸ ಆವೃತ್ತಿಯನ್ನು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಕೊಟ್ಟೆವು. ಆಟಿಯಲ್ಲಿ ತುಳುನಾಡಿನಲ್ಲಿ ಮದುವೆ ಇಡುವುದಿಲ್ಲ. ಯಕ್ಷಗಾನ ಮೇಳಗಳೂ ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿ ಆಗಿರುತ್ತದೆ. ಬಾಕ್ಸ್ ಒಂದೆರಡು ದಿನ ತುಂಡು ಸೇರಿಸುತ್ತಾ ನಿಧಾನ ಆದರೂ ಯಾರಿಗೂ ತೊಂದರೆ ಇಲ್ಲ. ಮೊದಲು ನಮ್ಮ ಹತ್ತಿರದ ಕದ್ರಿ, ಕೊಟ್ಟಾರದ ಕೆಲವು ಸ್ಟುಡಿಯೋಗಳಿಗೆ, ಆಮೇಲೆ ಮೂಲ್ಕಿ, ಕಾಪು, ಉಡುಪಿ ಹೀಗೆ ಕೊಡುತ್ತಾ ಹೋದೆವು.

ಫ್ಯಾಟ್ ಡಿಸ್ಕ್ ಓದುವ ಭಾಗವನ್ನು ಅಳಿಸಲಿಲ್ಲ. ಅದನ್ನು ಫೈಲ್ ಸಿಸ್ಟಮ್‌ನಿಂದ ಹೊರಗೆ ತೆಗೆದು, ಬೇರೆಯೇ ಒಂದು ಸಣ್ಣ ಪ್ರೋಗ್ರಾಮ್ ಮಾಡಿದೆವು. ಅದು ಓದುತ್ತದೆ ಮಾತ್ರ, ಬರೆಯುವುದಿಲ್ಲ. ಹಳೇ ಡಿಸ್ಕ್ ಸಿಕ್ಕಿಸಿದರೆ ಒಳಗಿನದ್ದನ್ನು ತೋರಿಸಿ, ಎಕ್ಸ್ಟ್4ಗೆ ಕಾಪಿ ಮಾಡಿಕೊಡಲಾ ಅಂತ ಕೇಳುತ್ತದೆ. ಬರೆಯುವ ಭಾಗ ಇಲ್ಲದಿದ್ದರೆ ಕೋಡ್ ಎಷ್ಟು ಸಣ್ಣದಾಗುತ್ತದೆ ಅಂತ ನೋಡಿ ನನಗೇ ಆಶ್ಚರ್ಯ ಆಯಿತು. ಐನೂರು ಸಾಲಿನ ಒಳಗೆ ಮುಗಿಯಿತು.

ಮುಖ್ಯ ಫೈಲ್ ಸಿಸ್ಟಮ್ ಈಗ ಮೂರು ಸಾವಿರ ಸಾಲಿಗೆ ಬಂದಿದೆ. ಉಳಿದಿರುವುದು ಪಕ್ಕದ ಫೈಲ್. ಸಮಯ, ಮಾಲೀಕರ ಮಾಹಿತಿ ಎಲ್ಲ ಎಕ್ಸ್ಟ್4ರಲ್ಲೇ ಇದ್ದರೂ, ಎರಡು ಎಡಿಟಿಂಗ್ ಮನೆಗಳು ಆ ಫೈಲನ್ನು ತಮ್ಮ ಪಟ್ಟಿ ಮಾಡಲು ಓದುತ್ತವೆ. ಅವರಿಗೆ ಮುಂದಿನ ಆಟಿಯವರೆಗೆ ಸಮಯ ಕೊಟ್ಟಿದ್ದೇವೆ. ಅಷ್ಟರೊಳಗೆ ಅದೇ ಪಟ್ಟಿ ಕೊಡುವ ಒಂದು ಕಮಾಂಡ್ ನಾವು ಬರೆದುಕೊಡಬೇಕು. ಹಿಂದೆ ಆ ಫೋಲ್ಡರ್ ತೆರೆಯಲು ಹೆದರುತ್ತಿದ್ದ ಒಬ್ಬ ಹುಡುಗನೇ ಅದನ್ನು ಬರೆಯುತ್ತೇನೆ ಅಂತ ತೆಗೆದುಕೊಂಡಿದ್ದಾನೆ. ಮೊದಲ ಪ್ಯಾಚ್ ಸೋಮವಾರ ರಿವ್ಯೂಗೆ ಬರುತ್ತದೆ.